ಕೋರ್ಟು ಕೊಡದ ತಾರೀಖುಗಳು

ಹಾಸನ, 14 ನವೆಂಬರ್ 2025, ಶುಕ್ರವಾರ ರಾತ್ರಿ

ಸಂಜೆ ಹೊರಡುವಾಗ ನನ್ನ ಹತ್ರ ವಕೀಲಿಕೆ ಕಲಿಯುತ್ತಿರೋ ಜೂನಿಯರ್ ಹುಡುಗಿ ಬಾಗಿಲಲ್ಲೇ ನಿಂತಳು. "ಮೇಡಂ, ಯುಗಾದಿ ಆದ್ಮೇಲೆ ಸ್ವಂತ ಆಫೀಸ್ ಮಾಡೋಣ ಅಂತಿದೀನಿ. ಮೊದ್ಲು ಏನ್ ತಗೋಬೇಕು?" ರೂಮಿನ ಅಡ್ವಾನ್ಸು, ಮೇಜು, ಪುಸ್ತಕದ ಬೀರು ಎಲ್ಲ ಲೆಕ್ಕ ಹಾಕಿಟ್ಟಿದ್ದಾಳೆ.

"ಎರಡು ಡೈರಿ ತಗೋ" ಅಂದೆ. ಬ್ಯಾಗು ಇಳಿಸಿ ಕೂತಳು.

ಒಂದು ಡೈರಿ ಎಲ್ಲರ ಹತ್ರಾನೂ ಇರುತ್ತೆ. ಕೋರ್ಟು ಕೊಟ್ಟ ವಾಯಿದೆ, ಯಾವ ಹಂತ, ಹಿಂದಿನ ತಾರೀಖು. ಅದನ್ನು ಮರೆತರೂ ಇ-ಕೋರ್ಟ್ಸ್ ಆಪ್‌ನಲ್ಲಿ ಪ್ರತಿ ಕೇಸಿಗೂ ಇರೋ 16 ಅಕ್ಷರದ ಸಿಎನ್ಆರ್ ನಂಬರ್ ಹಾಕಿದರೆ ಸಿಗುತ್ತೆ. ಆದರೆ ಕೇಸ್ ಹಾಕುವ ಮೊದಲೇ ಓಡುತ್ತಿರುವ ಗಡುವನ್ನು ಯಾವ ಆಪೂ ಹೇಳಲ್ಲ, ಯಾವ ಬೆಂಚ್ ಕ್ಲರ್ಕೂ ಕೂಗಲ್ಲ. ದೊಡ್ಡ ಆಫೀಸಿನಲ್ಲಿ ಸೀನಿಯರ್‌ಗೋ ಗುಮಾಸ್ತರಿಗೋ ಒಬ್ಬರಿಗಾದರೂ ನೆನಪಿರುತ್ತೆ. ಒಬ್ಬಳೇ ಕೂತ ಆಫೀಸಿನಲ್ಲಿ ಆ ಕೆಲಸ ಎರಡನೇ ಡೈರಿಯದ್ದು.

ಚೆಕ್ ಬೌನ್ಸ್ ಹಿಡಿದೇ ತೋರಿಸಿದೆ. ಮೆಣಸಿನ ವ್ಯಾಪಾರಿ ಕೊಟ್ಟ ಚೆಕ್ ವಾಪಸ್ಸಾಗಿ ಬ್ಯಾಂಕಿನ ಮೆಮೊ ಇವತ್ತು ಕೈಗೆ ಬಂತು ಅಂತಿಟ್ಟುಕೋ. ನೋಟಿಸ್ ಕಳಿಸೋಕೆ 30 ದಿನ. ಇವತ್ತಿನ ದಿನ ಬಿಟ್ಟು ಎಣಿಸಿದರೆ ಡಿಸೆಂಬರ್ 14. ಅದು ಭಾನುವಾರ. ಸೋಮವಾರ ಕಳಿಸಿದರಾಯ್ತು ಅನ್ನುವ ಲೆಕ್ಕ ಇಲ್ಲಿ ನಂಬಬಾರದು. ಕೋರ್ಟು ಮುಚ್ಚಿದ್ದ ದಿನ ಗಡುವು ಮುಗಿದರೆ ತೆರೆದ ದಿನ ಹಾಕಬಹುದು ಅನ್ನೋ ಲಿಮಿಟೇಷನ್ ಕಾಯ್ದೆಯ 4ನೇ ಕಲಂ ದಾವೆ, ಅಪೀಲು, ಅರ್ಜಿಗೆ ಮಾತ್ರ. ನೋಟಿಸು ಕೋರ್ಟಿಗೆ ಹಾಕುವಂಥದ್ದಲ್ಲ. ಹಾಗಾಗಿ ಡೈರಿಯಲ್ಲಿ ಡಿಸೆಂಬರ್ 1ಕ್ಕೇ ಕೆಂಪು ಗೆರೆ.

ನೋಟಿಸ್ ತಲುಪಿದ ಮೇಲೆ ದುಡ್ಡು ಕಟ್ಟೋಕೆ 15 ದಿನ. ಕಟ್ಟದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ ದೂರು. ಇಲ್ಲಿ ತುಂಬಾ ಜನ ಎಡವೋದು: ಕಾಯ್ದೆಯಲ್ಲಿ ಇರೋದು ತಿಂಗಳು, 30 ದಿನ ಅಲ್ಲ. ಮಧ್ಯೆ ಫೆಬ್ರವರಿ ಬಂದರೆ ಕೈಗೆ ಸಿಗೋದು 28 ದಿನವೇ, ಅಧಿಕ ವರ್ಷವಾದರೆ 29. ತಲುಪಿದ ದಿನ ಯಾವುದು ಅನ್ನೋದಕ್ಕೆ ಅಂಚೆಯ ಟ್ರ್ಯಾಕ್ ವರದಿ ಆಗಲೇ ಪ್ರಿಂಟ್ ತೆಗೆದು ಫೈಲಿಗೆ ಸೇರಿಸಬೇಕು. ಆಮೇಲೆ ಹುಡುಕಿದರೆ ವೆಬ್‌ಸೈಟಿನಲ್ಲಿ ಸಿಗಲ್ಲ. ದೂರು ಹಾಕೋದು ನಮ್ಮ ಕಕ್ಷಿದಾರರ ಖಾತೆ ಇರೋ ಶಾಖೆಯ ವ್ಯಾಪ್ತಿಯಲ್ಲಿ. ತೋಟ ಸಕಲೇಶಪುರದಲ್ಲಿದ್ದು ಖಾತೆ ಹಾಸನದಲ್ಲಿದ್ದರೆ ಹಾಸನದಲ್ಲೇ.

"ಪ್ರೋನೋಟು?" ಅಂದಳು. ಕೇಳಿದಾಗ ಕೊಡುತ್ತೇನೆ ಅಂತ ಸಾಲಗಾರ ಬರೆದುಕೊಟ್ಟ ಪ್ರೋನೋಟಿಗೆ ಬರೆದ ದಿನದಿಂದ ಮೂರು ವರ್ಷ. ಅಷ್ಟರೊಳಗೆ ಸ್ವಲ್ಪ ದುಡ್ಡು ಕೊಟ್ಟು ಹಿಂಭಾಗದಲ್ಲಿ ಷರಾ ಬರೆದು ಸಹಿ ಹಾಕಿದ್ದರೆ ಅಲ್ಲಿಂದ ಮತ್ತೆ ಮೂರು ವರ್ಷ. ಅದಕ್ಕೇ ಕಕ್ಷಿದಾರರು ಜೆರಾಕ್ಸ್ ತಂದರೆ ಎರಡೂ ಬದಿ ಕೇಳಬೇಕು.

ಪ್ರತಿವಾದಿ ಪರ ಬಂದವರಿಗೆ ಇನ್ನೊಂದು ಗಂಡಾಂತರ. ಸಮನ್ಸ್‌ನಲ್ಲಿ ಎರಡು ತಿಂಗಳಾಚೆಯ ವಾಯಿದೆ ಇರುತ್ತೆ, ಅಲ್ಲೀತನಕ ಆರಾಮಾಗಿರ್ತಾರೆ. ದಾವೆಗೆ ಲಿಖಿತ ಉತ್ತರ, ಅಂದರೆ ತಕರಾರು, ಹಾಕೋ 30 ದಿನ ಸಮನ್ಸ್ ಜಾರಿಯಾದ ದಿನದಿಂದಲೇ ಶುರು. ಕಾರಣ ಬರೆದು ಕೋರ್ಟು ಕೊಡಬಹುದಾದದ್ದು ಅದೇ ದಿನದಿಂದ ಎಣಿಸಿ 90ರವರೆಗೆ. ಮೊದಲ ಭೇಟಿಯಲ್ಲೇ ಕೇಳಬೇಕಾದ ಪ್ರಶ್ನೆ: ಸಮನ್ಸ್ ಕೊಡೋಕೆ ಕೋರ್ಟಿನ ಅಮೀನರು ಮನೆಗೆ ಯಾವತ್ತು ಬಂದಿದ್ರು?

ತೀರ್ಪು ಬಂದ ದಿನವೇ ಅದರ ದೃಢೀಕೃತ ನಕಲಿಗೆ ಅರ್ಜಿ ಹಾಕಬೇಕು. ಅರ್ಜಿ ಹಾಕಿದ ಮೇಲೆ ನಕಲು ತಯಾರಾಗೋಕೆ ಹಿಡಿದ ದಿನ ಅಪೀಲಿನ ಲೆಕ್ಕದಿಂದ ಕಳೆಯುತ್ತೆ. ಅರ್ಜಿ ಹಾಕದೇ ಕಳೆದ ದಿನ ಹೋಯಿತು ಅಷ್ಟೇ. ಸಿವಿಲ್ ಅಪೀಲಾದರೆ ಜಿಲ್ಲಾ ನ್ಯಾಯಾಲಯಕ್ಕೆ 30 ದಿನ, ಹೈಕೋರ್ಟಿಗೆ 90.

ಮಿಕ್ಕಿದ್ದೆಲ್ಲ ಸಾಮಾನು. ಸ್ಕ್ಯಾನರ್ ಇರುವ ಲೇಸರ್ ಪ್ರಿಂಟರ್, ಬೀಗ ಹಾಕುವ ಬೀರು, ಎರಡು ಬ್ಯಾಂಕ್ ಖಾತೆ. ಕನ್ನಡ ಟೈಪಿಂಗ್ ಯೂನಿಕೋಡ್‌ನಲ್ಲೇ ಇರಲಿ, ಹಳೆ ಫಾಂಟಿನ ದಾವೆ ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಅಕ್ಷರವೆಲ್ಲ ಚೆಲ್ಲಾಪಿಲ್ಲಿ. ಬೋರ್ಡು ಮಿತವಾದ ಅಳತೆಯದ್ದಿರಲಿ, ಬಾರ್ ಕೌನ್ಸಿಲ್ ನಿಯಮವೂ ಅದೇ. ಫೀಸು ಬೇರೆ, ಕೋರ್ಟ್ ಶುಲ್ಕ ಮತ್ತು ಪ್ರೊಸೆಸ್ ಖರ್ಚು ಬೇರೆ, ರಸೀದಿಯಲ್ಲಿ ಎರಡು ಸಾಲು. ಅಪಘಾತದ ಕೇಸಿನಲ್ಲಿ ಪರಿಹಾರ ಬಂದ ಮೇಲೆ ಇಷ್ಟು ಪರ್ಸೆಂಟ್ ಅನ್ನೋ ಮಾತು ಬೇಡವೇ ಬೇಡ. ನಿಯಮ ಒಪ್ಪಲ್ಲ, ಕಾಲು ಮುರಿದುಕೊಂಡು ಮನೆಯಲ್ಲಿ ಬಿದ್ದವನ ದುಡ್ಡು ಅದು. ಇದನ್ನು ಹೇಳುವಾಗ ಗಂಟಲು ಸ್ವಲ್ಪ ಗಟ್ಟಿಯಾಯಿತು ಅನ್ನಿಸುತ್ತೆ, ಅವಳು ತಲೆಯೆತ್ತಿ ನೋಡಿದಳು.

ಈಗ ಊಟ ಆದ ಮೇಲೂ ಕೊರೆಯುತ್ತಿರೋದು ಇನ್ನೊಂದು. ಬೇಲೂರಿನಲ್ಲಿ ಪಾಟಿ ಸವಾಲು ನಡೆಯೋ ಹೊತ್ತಿಗೆ ಹಾಸನದಲ್ಲಿ ಕೇಸ್ ಕೂಗಿದರೆ? ವಾದಿ ಗೈರು ಅಂತ ವಜಾ ಆದರೆ ಮತ್ತೆ ತೆರೆಸೋಕೆ 30 ದಿನದೊಳಗೆ ಅರ್ಜಿ, ಪ್ರಮಾಣಪತ್ರ, ಎದುರು ಪಕ್ಷಕ್ಕೆ ಖರ್ಚು. ಕಕ್ಷಿದಾರರಿಗೆ ಹೇಳಿ ವಕಾಲತ್ತಿನಲ್ಲೇ ಇನ್ನೊಬ್ಬ ವಕೀಲರ ಹೆಸರು, ಸಹಿ ಸೇರಿಸಿಟ್ಟರೆ ಅವರು ಎದ್ದು ನಿಲ್ಲಬಹುದು. ಅಂಥ ಒಬ್ಬರು ಅವಳಿಗೆ ಯಾರು? ಅವಳ ಬ್ಯಾಚಿನವರೆಲ್ಲ ಬೆಂಗಳೂರಿಗೆ ಹೋದರು. ನಾಳೆ ಬಾರ್ ಅಸೋಸಿಯೇಷನ್‌ನಲ್ಲಿ ಒಂದಿಬ್ಬರನ್ನು ವಿಚಾರಿಸಬೇಕು, ಚನ್ನರಾಯಪಟ್ಟಣದ ಕಡೆಯಿಂದ ಬಂದ ಆ ಹುಡುಗ ಈಗ ಇಲ್ಲೇ ಇದ್ದಾನಾ, ಇಲ್ಲವಾ ಅಂತ.