ಆಯಿ ಸೀರೆ ತಾವೇ ಉಡಲಿ

ನಾನು ಫಿಜಿಯೋಥೆರಪಿಸ್ಟ್. ಬಾಗಲಕೋಟೆ ನವನಗರದ ಒಂದು ವೃದ್ಧಾಶ್ರಮಕ್ಕೆ ವಾರವಾರ ಹೋಗುತ್ತೇನೆ. ಅಲ್ಲಿರುವವರಲ್ಲಿ ಬಹಳ ಜನ ಮುಳುಗಡೆಯವರು. ಆಲಮಟ್ಟಿ ಹಿನ್ನೀರಿಗೆ ಮನೆ, ಹೊಲ ಬಿಟ್ಟುಕೊಟ್ಟವರು. ಮಕ್ಕಳು ಪುಣೆ, ಬೆಂಗಳೂರು ಸೇರಿದ ಮೇಲೆ ಇಲ್ಲಿಗೆ ಬಂದವರು. ದುಡಿದ ಮೈ ಅವರದು. ಬರುವಾಗ ಕೋಲೂರಿಯಾದರೂ ನಡೆದೇ ಬರುತ್ತಾರೆ. ವರ್ಷ ತುಂಬುವುದರೊಳಗೆ ಕೆಲವರು ಮಂಚ ಹಿಡಿದಿರುತ್ತಾರೆ. ಕೇಳಿದರೆ "ವಯಸ್ಸಾತಲ್ರೀ" ಅನ್ನುತ್ತಾರೆ. ವಯಸ್ಸೊಂದೇ ಕಾರಣ ಅಂದರೆ ನಾನು ಒಪ್ಪುವುದಿಲ್ಲ.

ಎಂಬತ್ತು ದಾಟಿದ ಒಬ್ಬ ಆಯಿ ಇದ್ದಾರೆ. ದಿನಾ ಇಳಕಲ್ ಸೀರೆ ಉಡುತ್ತಿದ್ದರು. ಮೊಣಕಾಲು ನೋವು, ಬೆರಳು ನಿಧಾನ. ಉಟ್ಟು ಮುಗಿಸಲು ಅರ್ಧ ತಾಸು ಬೇಕು. ಆದರೆ ಅಲ್ಲಿನ ಆಯಾ ನಾಷ್ಟಾ ಹೊತ್ತಿಗೆ ಇಡೀ ಹಾಲ್‌ನವರನ್ನು ತಯಾರು ಮಾಡಬೇಕು. "ಬಿಡ್ರಿ ಆಯಿ, ನಾ ಉಡಸ್ತೀನಿ" ಅಂತ ಶುರುವಾಯಿತು. ಮುಂದೆ ಸೀರೆಯೇ ಹೋಗಿ ನೈಟಿ ಬಂತು. ಆ ಹುಡುಗಿಯದು ಕೆಟ್ಟ ಮನಸ್ಸಲ್ಲ, ಬಹಳ ಅಂತಃಕರಣದವಳು. ಅವಳಿಗೆ ಹೊತ್ತಿಲ್ಲ, ಅಷ್ಟೇ.

ಸೀರೆ ಉಡುವಾಗ ಏನೇನು ನಡೆಯುತ್ತದೆ ನೋಡಿ. ನಿಲ್ಲಬೇಕು, ಸಮತೋಲ ಹಿಡಿದು ಸುತ್ತ ತಿರುಗಬೇಕು, ಬೆರಳಿಂದ ಒಂದೊಂದೇ ನಿರಿಗೆ ಹಿಡಿಯಬೇಕು, ಬಗ್ಗಿ ಸರಿ ಮಾಡಬೇಕು, ತೋಳೆತ್ತಿ ಸೆರಗು ಹೊದೆಯಬೇಕು. ನಾನು ಹೇಳಿಕೊಡುವ ವ್ಯಾಯಾಮ ಅರ್ಧಕ್ಕರ್ಧ ಅದರಲ್ಲೇ ಇದೆ. ನೈಟಿ ಬಂದ ಮೇಲೆ ಅಷ್ಟೂ ನಿಂತಿತು. ಕೆಲವೇ ತಿಂಗಳಲ್ಲಿ ಆಯಿಗೆ ಹಿಡಿದುಕೊಳ್ಳದೆ ನಿಲ್ಲಲು ಆಗದಂತಾಯಿತು.

ನಮ್ಮ ಓದಿನಲ್ಲಿ ಕಾಟ್ಜ್ ಸೂಚ್ಯಂಕ ಅಂತ ಒಂದಿದೆ, 1963ರದು. ಸ್ನಾನ, ಬಟ್ಟೆ, ಶೌಚ, ಮಂಚದಿಂದ ಎದ್ದು ಕುರ್ಚಿಗೆ ಹೋಗಿ ಕೂರುವುದು, ಮಲಮೂತ್ರದ ಹಿಡಿತ, ಊಟ: ಈ ಆರರಲ್ಲಿ ಯಾವುದು ತಾವೇ ಮಾಡಿಕೊಳ್ಳುತ್ತಾರೆ ಅಂತ ನೋಡುವುದು. ಸಾಮಾನ್ಯವಾಗಿ ಮೊದಲು ಕೈಬಿಡುವುದು ಸ್ನಾನ, ಕೊನೆಗೆ ಊಟ. ಹಾಗಾಗಿ ಸ್ನಾನ, ಬಟ್ಟೆಯ ಹಂತದಲ್ಲೇ ತಡೆಯಬೇಕು ಅಂತ ನಾನು ಹಟ ಹಿಡಿಯುತ್ತೇನೆ. ಅಲ್ಲಿ ಬಿಟ್ಟರೆ "ಡೈಪರ್ ಹಾಕೇವಲ್ಲ, ಅದರಾಗ ಹೋಗ್ರಿ" ಅನ್ನುವವರೆಗೆ ಹೋಗುತ್ತದೆ. ಹಿಡಿತ ಚೆನ್ನಾಗಿರುವ ಮುತ್ಯಾ ಒಬ್ಬರಿಗೆ ಈ ಮಾತು ಹೇಳಿದ್ದನ್ನು ನಾನೇ ಕೇಳಿದ್ದೇನೆ. ಅವರು ಗೋಡೆ ಕಡೆ ಹೊರಳಿ ಮಲಗಿದರು. ಹೊಟ್ಟೆ ಉರಿಯಿತು.

ಮಲಗಿಸಿಟ್ಟರೆ ಮೈಬಲ ಉಳಿಯುವುದಿಲ್ಲ. ಆರೋಗ್ಯವಾಗಿದ್ದ ಹಿರಿಯರನ್ನು 10 ದಿನ ಹಾಸಿಗೆಯಲ್ಲೇ ಇರಿಸಿ ನೋಡಿದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಕಾಲಿನ ಮಾಂಸಖಂಡವೇ ಹೆಚ್ಚುಕಡಿಮೆ ಒಂದು ಕಿಲೋ ಇಳಿದಿತ್ತು. ತಿರುಗಿ ಬರುವುದೂ ಉಂಟು. 1990ರಲ್ಲಿ ಬೋಸ್ಟನ್ನಿನ ಒಂದು ಆರೈಕೆ ಮನೆಯಲ್ಲಿ 90ರ ಆಸುಪಾಸಿನವರಿಗೆ 8 ವಾರ ಕಾಲಿಗೆ ಭಾರ ಎತ್ತಿಸಿದಾಗ ಬಲ ಎರಡೂವರೆ ಪಟ್ಟು ಮೀರಿ ಏರಿತು. ಲಕ್ವ, ಪಾರ್ಕಿನ್ಸನ್, ಮರೆವಿನ ರೋಗ ಇದ್ದವರಲ್ಲಿ ಇಷ್ಟು ಆಗದಿರಬಹುದು, ನಿಜ. ಉಳಿದದ್ದನ್ನಾದರೂ ಉಳಿಸಿಕೊಳ್ಳಬಹುದಲ್ಲ.

ಆಯಾ ಜೊತೆ ಕೂತು ಸರದಿ ಬದಲಿಸಿದೆವು. ಪೂರ್ತಿ ಸಹಾಯ ಬೇಕಾದವರಿಗೆ ಮೊದಲು, ಆಯಿಗೆ ಎಲ್ಲರಿಗಿಂತ ಕೊನೆಗೆ. ಈಗ ಆಯಿ ಮಂಚದ ಅಂಚಿಗೆ ಕೂತು ನಿರಿಗೆ ಹಿಡಿಯುತ್ತಾರೆ, ಕಿಟಕಿ ಸರಳು ಹಿಡಿದು ಏಳುತ್ತಾರೆ, ಆಯಾ ಸಿಗಿಸುತ್ತಾಳೆ. ಸೆರಗು ಮಾತ್ರ ಯಾರಿಗೂ ಮುಟ್ಟಗೊಡುವುದಿಲ್ಲ. "ನಂದು ನಾ ಹೊತಗೋತೀನಿ ಬಿಡ ತಂಗಿ" ಅಂತ ನನಗೂ ಗದರಿದರು. ಸಂತೋಷವಾಯಿತು.

ಮಕ್ಕಳಿಗೂ ಒಂದು ಮಾತು. "ಬೀಳದಂಗ ನೋಡ್ಕೋರಿ" ಅಂತಷ್ಟೇ ಹೇಳಿ ಹೋದರೆ, ಆಶ್ರಮದವರು ಹೆದರಿ ಏಳಗೊಡುವುದೇ ಇಲ್ಲ. ಭಾನುವಾರ ಬಂದಾಗ ಹಾಲಿನಲ್ಲಿ ರೊಟ್ಟಿ ನೆನೆಸಿ ತುತ್ತು ಕೊಡಬೇಡಿ. ಅವರೇ ಮುರಿದುಕೊಳ್ಳಲಿ, ನೀವು ಪಕ್ಕದಲ್ಲಿ ಕೂತು ಉಣ್ಣಿ. ತಂದೆತಾಯಿಯನ್ನು ಸೇರಿಸುವ ಮೊದಲು ಊಟ, ಗಾಳಿ, ಬೆಳಕು ನೋಡುತ್ತೀರಿ, ನೋಡಿ. ಜೊತೆಗೆ, ರಾತ್ರಿ ಎರಡು ಗಂಟೆಗೆ ಸಂಡಾಸಕ್ಕೆ ಹೋಗಬೇಕು ಅಂದರೆ ಯಾರು ಕರೆದುಕೊಂಡು ಹೋಗುತ್ತಾರೆ ಅಂತ ಕೇಳಿ. ನಡೆಯಬಲ್ಲವರಿಗೂ "ಡೈಪರ್ ಹಾಕ್ತೀವ್ರಿ" ಅಂದರೆ, ಬೇರೆ ಕಡೆ ನೋಡಿ.