ವಹಾಕಾದ ಖಡಕ್ ರೊಟ್ಟಿ

ಮೆಕ್ಸಿಕೊ ಸಿಟಿಯಲ್ಲಿ ನಮ್ಮ ಮೊದಲ ಮಧ್ಯಾಹ್ನ. ಸಣ್ಣ ಖಾನಾವಳಿಯೊಂದರಲ್ಲಿ ‘ಸಿನ್ ಕಾರ್ನೆ’, ಅಂದರೆ ಮಾಂಸ ಬೇಡ, ಎಂದು ಹೇಳಿ ಕೂತೆವು. ಕೆಂಪನೆಯ ಅನ್ನ, ಅರೆದ ಕಾಳು ಬಂದವು. ಅರ್ಧ ಉಂಡ ಮೇಲೆ ಗೊತ್ತಾಯಿತು: ಅನ್ನ ಬೆಂದದ್ದು ಕೋಳಿ ಸಾರಿನಲ್ಲಿ, ಕಾಳು ಹುರಿದದ್ದು ಹಂದಿ ಕೊಬ್ಬಿನಲ್ಲಿ. ಹೆಂಡತಿ ತಟ್ಟೆ ಸರಿಸಿದಳು. ಅವತ್ತು ಅವಳ ಊಟ ಎರಡು ಬಾಳೆಹಣ್ಣು.

ಬಡಿಸಿದವರು ಮೋಸ ಮಾಡಿರಲಿಲ್ಲ. ಅಲ್ಲಿ ‘ಕಾರ್ನೆ’ ಅಂದರೆ ಸಾಮಾನ್ಯವಾಗಿ ದನದ ಅಥವಾ ಹಂದಿಯ ಮಾಂಸ. ಕೋಳಿಗೆ ‘ಪೊಯೊ’, ಕೊಬ್ಬಿಗೆ ‘ಮಾಂತೆಕಾ’, ಸಾರಿಗೆ ‘ಕಾಲ್ದೊ’. ಈ ನಾಲ್ಕಕ್ಕೂ ‘ಸಿನ್’ ಸೇರಿಸಿ ಹೇಳಬೇಕು. ಸಸ್ಯಾಹಾರಿಗಳು ಬೇರೆ ಏನು ಮರೆತರೂ ಇದನ್ನು ಮರೆಯಬಾರದು.

ಆ ರಾತ್ರಿ ಇಬ್ಬರೂ ಕೂತು ಇಪ್ಪತ್ತು ಪದ ಕಲಿತೆವು. ಕನ್ನಡದವರಿಗೆ ಸ್ಪ್ಯಾನಿಷ್ ಉಚ್ಚಾರ ನಿಜಕ್ಕೂ ಸುಲಭ. ಹೆಚ್ಚುಕಮ್ಮಿ ಬರೆದಂತೆಯೇ ಓದು. ‘ತ’, ‘ದ’ ನಮ್ಮವೇ. ಶಾಲೆಯಲ್ಲಿ ಸುಮ್ನೆ ಉರು ಹೊಡೆದ ‘ಞ’ ಇದೆಯಲ್ವಾ, ಅದಕ್ಕೆ ಇಲ್ಲಿ ದಿನವೂ ಕೆಲಸ. ನಾಳೆ ಎನ್ನಲು ‘ಮಞಾನ’, ಶೌಚಾಲಯ ಕೇಳಲು ‘ಬಾಞೊ’. ಅಂಗಡಿಗೆ ಕಾಲಿಟ್ಟ ಕೂಡಲೇ ‘ಬುವೆನೋಸ್ ದಿಯಾಸ್’ ಎನ್ನಿ. ನಮಸ್ಕಾರ ಹೇಳದೆ ಬೆಲೆ ಕೇಳಿದರೆ ಅವರಿಗೆ ಒರಟು ಅನಿಸುತ್ತದೆ.

ಬೆಲೆಯ ಮುಂದೆ ಡಾಲರ್ ಚಿಹ್ನೆ ಕಂಡರೆ ಗಾಬರಿಯಾಗಬೇಡಿ, ಅದು ಪೆಸೊ. ಎಟಿಎಂ ತಾನೇ ಒಂದು ವಿನಿಮಯ ದರ ತೋರಿಸಿ ‘ಒಪ್ಪುತ್ತೀರಾ’ ಎಂದು ಕೇಳಿದರೆ ಬೇಡ ಎನ್ನಿ, ಇಲ್ಲದಿದ್ದರೆ ಜಾಸ್ತಿ ಹಣ ಹೋಗುತ್ತದೆ. ನಲ್ಲಿ ನೀರು ಕುಡಿಯಬೇಡಿ, ಅಲ್ಲಿಯವರೂ ಕ್ಯಾನಿನ ನೀರನ್ನೇ ಕುಡಿಯುತ್ತಾರೆ. ನಮ್ಮಲ್ಲಿ ಅಮೆರಿಕದ ವೀಸಾ ಇದ್ದುದರಿಂದ ಮೆಕ್ಸಿಕೊ ವೀಸಾ ಬೇರೆ ಬೇಕಾಗಲಿಲ್ಲ. ಹೊರಡುವ ಮುಂಚೆ ನಿಯಮ ಒಮ್ಮೆ ನೋಡಿಕೊಳ್ಳಿ.

ಮೆಕ್ಸಿಕೊ ಸಿಟಿ 2240 ಮೀಟರ್ ಎತ್ತರದಲ್ಲಿದೆ, ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಮೇಲೆ. ಮೊದಲ ದಿನ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ. ತೆಯೋತಿವಾಕಾನ್ ಪಿರಮಿಡ್‌ಗಳನ್ನು ಮೂರನೆಯ ದಿನಕ್ಕೆ ಇಟ್ಟುಕೊಂಡದ್ದು ಒಳ್ಳೆಯದಾಯಿತು. ಓಡಾಟಕ್ಕೆ ಮೆಟ್ರೊ ಸಾಕು, ನಾವು ಹೋದಾಗ ಐದು ಪೆಸೊ ಟಿಕೆಟ್. 1969ರಲ್ಲಿ ಶುರುವಾದಾಗ ಓದಲು ಬಾರದವರಿಗೂ ತಿಳಿಯಲೆಂದು ಪ್ರತಿ ನಿಲ್ದಾಣಕ್ಕೂ ಒಂದು ಚಿತ್ರ ಕೊಟ್ಟರು. ಚಾಪುಲ್ತೆಪೆಕ್‌ಗೆ ಮಿಡತೆ, ಕೊಯೊಆಕಾನ್‌ಗೆ ತೋಳದಂಥ ಕೊಯೊಟೆ. ಹೆಂಡತಿ ‘ಮಿಡತೆಯಲ್ಲಿ ಇಳಿಯೋಣ’ ಎನ್ನುತ್ತಿದ್ದಳು. ಓದು ಬಾರದವರ ಬಗ್ಗೆ ಇಷ್ಟು ಅಕ್ಕರೆಯಿಂದ ಯೋಚಿಸಿದ ಊರು ನನಗೆ ಅವತ್ತೇ ಹಿಡಿಸಿತು.

ಅಲ್ಲಿಂದ ಬಸ್ಸಿನಲ್ಲಿ ದಕ್ಷಿಣ ಮೆಕ್ಸಿಕೊದ ವಹಾಕಾ ಊರಿಗೆ ಹೋದೆವು. ಸಂತೆಯಲ್ಲಿ ಕುಂಬಳ ಹೂವು, ಮುಳ್ಳು ಹೆರೆದ ಪಾಪಸುಕಳ್ಳಿ, ಮೆಣಸಿನಕಾಯಿಯ ರಾಶಿ. ನಮ್ಮ ಚಿಕ್ಕು ಹಣ್ಣೂ ಇತ್ತು. ಅದರ ತವರು ಈ ಸೀಮೆಯೇ. ‘ಸಪೋಟ’ ಎಂಬ ಹೆಸರು ಕೂಡ ಇಲ್ಲಿಯ ‘ಸಪೊತೆ’ಯಿಂದಲೇ ಬಂದದ್ದು. ಅಜ್ಜಿಯ ಹಿತ್ತಲಿನ ಮರ ನೆನಪಾಗಿ ಒಂದು ಕಿಲೊ ಕೊಂಡೆ.

ಒಲೆಯ ಮೇಲೆ ತಟ್ಟೆಗಿಂತ ದೊಡ್ಡ ರೊಟ್ಟಿ ಬೇಯುತ್ತಿತ್ತು. ತ್ಲಾಯೂದಾ. ಮೆಕ್ಕೆಜೋಳದ್ದು, ತೆಳ್ಳಗೆ, ಗರಿಗರಿ. ಧಾರವಾಡದವಳಾದ ಹೆಂಡತಿ ನೋಡಿದ ಕೂಡಲೇ ‘ಖಡಕ್ ರೊಟ್ಟಿ!’ ಎಂದು ನಿಂತುಬಿಟ್ಟಳು. ಅದರ ಮೇಲೆ ‘ಆಸಿಯೆಂತೊ’ ಎಂಬ ಹಂದಿ ಕೊಬ್ಬು ಸವರುವುದು ರೂಢಿ. ಅವಳು ಬೆರಳು ಮಡಚುತ್ತಾ ಹೇಳಿದಳು: ಸಿನ್ ಆಸಿಯೆಂತೊ, ಸಿನ್ ಕಾರ್ನೆ, ಸಿನ್ ಪೊಯೊ, ಸಿನ್ ಮಾಂತೆಕಾ. ಒಲೆ ಮುಂದಿನ ಅಮ್ಮ ನಕ್ಕು ಕಾಳಿನ ಪಾತ್ರೆಯತ್ತ ಕೈ ತೋರಿಸಿ ಬೇಡವೆಂಬಂತೆ ತಲೆಯಾಡಿಸಿದರು, ಅದರಲ್ಲೂ ಕೊಬ್ಬಿತ್ತು. ಬೆಣ್ಣೆಹಣ್ಣು, ಎಳೆಎಳೆ ಚೀಸ್, ಖಾರದ ಚಟ್ನಿ ಹಾಕಿ ರೊಟ್ಟಿ ಮಡಚಿ ಕೊಟ್ಟರು. ಹೆಂಡತಿ ಮೊದಲ ತುತ್ತು ಮುರಿದಳು. ಪಕ್ಕದ ಬೆಂಚಿನಿಂದ ಎದ್ದು ಹೊರಟ ಅಜ್ಜ ನಮ್ಮತ್ತ ನೋಡಿ ‘ಪ್ರೊವೆಚೊ’ ಎಂದರು, ಚೆನ್ನಾಗಿ ಉಣ್ಣಿ ಎಂದು. ಇಬ್ಬರೂ ಒಟ್ಟಿಗೆ ‘ಗ್ರಾಸಿಯಾಸ್’ ಎಂದೆವು.