ಹಳದಿ ಬರಬೇಕಿತ್ತು, ಬೂದಿ ಬಂತು

ಪೀಣ್ಯದ ಒಂದು ಡೈಯಿಂಗ್ ಘಟಕದ ಲ್ಯಾಬಿನಲ್ಲಿ ನನ್ನದು ಶೇಡ್ ಮ್ಯಾಚಿಂಗ್ ಕೆಲಸ. ಬೈಯರ್ ಒಂದು ಚೂರು ಬಟ್ಟೆ ಕಳಿಸುತ್ತಾರೆ. ಅದೇ ಬಣ್ಣ ನಮ್ಮ ಬಟ್ಟೆಗೂ ಬರುವಂಥ ರೆಸಿಪಿಯನ್ನು ನಾನು ಕೂಡಿಸಿ ಕೊಡಬೇಕು. ಒಂಬತ್ತು ವರ್ಷ ಆಯಿತು. ಹಾಗಾಗಿ ಕಾಲೇಜು ಗೆಳತಿಯರು "ಶನಿವಾರ, ಭಾನುವಾರ ಎಲ್ಲಾದ್ರೂ ಕೂತು ಬಟ್ಟೆಗೆ ಗಿಡದ ಬಣ್ಣ ಹಾಕೋಣ" ಅಂದಾಗ ಉಸ್ತುವಾರಿ ನನಗೇ ಬಂತು. "ನಿನಗಿದು ನೀರು ಕುಡಿದಷ್ಟು ಸುಲಭ ಅಲ್ವೇನೇ" ಅಂದಳು ಒಬ್ಬಳು. ನೀರಿನ ಮಾತು ಆಗಲೇ ಬಂದಿತ್ತು ನೋಡಿ.

ಜಾಗ ಕನಕಪುರ ರಸ್ತೆಯಲ್ಲಿ, ತಲಘಟ್ಟಪುರ ದಾಟಿದ ಮೇಲೆ, ಒಬ್ಬಳ ಚಿಕ್ಕಪ್ಪನ ತೋಟದ ಮನೆ. ಚಿಕ್ಕಪೇಟೆಯಿಂದ ಮಲ್ ಅನ್ನೋ ತೆಳು ಹತ್ತಿ ಬಟ್ಟೆ ತಂದೆ. ಗ್ರಂಧಿಗೆ ಅಂಗಡಿಯಲ್ಲಿ ಅಳಲೆಕಾಯಿ ಪುಡಿ, ಪಟಿಕ ಸಿಕ್ಕವು. ದಾಳಿಂಬೆ ಸಿಪ್ಪೆಯನ್ನು ಜ್ಯೂಸ್ ಅಂಗಡಿಯವರು ಒಂದು ಚೀಲ ಸುಮ್ನೆ ಕೊಟ್ಟರು. ಎಕ್ಸೆಲ್ ಶೀಟ್ ಕೂಡ ಮಾಡಿದ್ದೆ: 1 ಕೆಜಿ ಬಟ್ಟೆಗೆ ಅಳಲೆಕಾಯಿ 200 ಗ್ರಾಂ, ಪಟಿಕ 150 ಗ್ರಾಂ. ಎಲ್ಲರೂ ನಕ್ಕರು. ನನಗೇನೂ ಬೇಜಾರಾಗಲಿಲ್ಲ, ತೂಕ ಹಾಕದೆ ಬಣ್ಣ ಹಾಕೋದು ನನ್ನ ಕೈಲಾಗದು.

ಶನಿವಾರ ಬೆಳಗ್ಗೆ ಹಾಲಿಲ್ಲದ ಟೀ ಕುಡಿಯೋ ಗೆಳತಿ "ಏನೇ ಇದು, ಮಸಿ ತರ ಇದೆ" ಅಂತ ಮುಖ ಕಿವುಚಿದಳು. ಪುಡಿ ಜಾಸ್ತಿ ಬಿದ್ದಿರಬೇಕು ಅಂದೆ. ವಾಷಿಂಗ್ ಸೋಡಾ ಹಾಕಿ ಬಟ್ಟೆ ಕುದಿಸಿ, ಗಂಜಿ, ಜಿಡ್ಡು ತೆಗೆದೆವು. ಆಮೇಲೆ ಅಳಲೆಕಾಯಿ ನೀರಿನಲ್ಲಿ ನೆನೆಸಿದೆವು. ಬಟ್ಟೆ ತಿಳಿ ಕೆನೆ ಬಣ್ಣಕ್ಕೆ ತಿರುಗಬೇಕಿತ್ತು. ಬೂದಿ ಬಣ್ಣ ಕಂಡಿತು. ಒದ್ದೆ ಬಟ್ಟೆ ಹಾಗೇ ಇರುತ್ತೆ ಅಂತ ಮುಂದುವರಿಸಿದೆ. ಪಟಿಕ ಆಯಿತು, ದಾಳಿಂಬೆ ಸಿಪ್ಪೆಯ ಕಷಾಯ ಆಯಿತು. ಸಾಸಿವೆ ಹಳದಿ ಬರಲೇ ಇಲ್ಲ. ಹಗ್ಗದ ಮೇಲೆ ಪಾಚಿ ಬಣ್ಣದ ಐದು ದುಪಟ್ಟಾ ನೇತಾಡುತ್ತಿದ್ದವು. ಗೆಳತಿಯರು "ಚೆನ್ನಾಗಿದೆ ಬಿಡೇ" ಅಂದರು. ಆ ಮಾತು ಇನ್ನೂ ಜಾಸ್ತಿ ಚುಚ್ಚಿತು.

ಸಂಜೆ ಬಚ್ಚಲಿಗೆ ಹೋದಾಗ ನಲ್ಲಿಯ ಕೆಳಗಿನ ಬಿಳಿ ಟೈಲ್ಸ್ ಮೇಲೆ ಕೆಂಪು ಕರೆ ಕಂಡಿತು. ಬೋರ್‌ವೆಲ್ ನೀರು, ಕಬ್ಬಿಣ ತುಂಬಿದ ನೀರು. ಹೊಸದಾಗಿ ಹಿಡಿದಾಗ ತಿಳಿಯಾಗಿಯೇ ಕಾಣುತ್ತೆ, ಗಾಳಿ ತಾಗಿದ ಮೇಲೆ ತುಕ್ಕಿನ ಬಣ್ಣಕ್ಕೆ ತಿರುಗುತ್ತೆ. ಅಳಲೆಕಾಯಿಯ ಒಗರಿಗೆ ಕಬ್ಬಿಣ ಸೇರಿದರೆ ಕಪ್ಪು. ಕಲಂಕಾರಿಯ ಕಪ್ಪು ಗೆರೆ ಬರೋದೂ ಇದರಿಂದಲೇ. ಇದೆಲ್ಲ ನನಗೆ ಗೊತ್ತಿಲ್ಲದ್ದಲ್ಲ, ಪರೀಕ್ಷೆಯಲ್ಲಿ ಬರೆದಿದ್ದೇನೆ.

ಭಾನುವಾರ ಮರ್ಯಾದೆ ಉಳಿಸಿದ್ದು ಇಂಡಿಗೊ, ಗಿಡದ ನೀಲಿ. ಅದು 1 ಪಾಲು, ಸುಣ್ಣ 2, ಬೆಲ್ಲ 3 ಪಾಲು ಹಾಕಿ ಶುಕ್ರವಾರವೇ ಡ್ರಮ್ಮಿನಲ್ಲಿ ಕಲೆಸಿಟ್ಟಿದ್ದೆ. ಇಂಡಿಗೊಗೆ ಕಬ್ಬಿಣದ ಭಯವಿಲ್ಲ. ಕಬ್ಬಿಣದ ಲವಣವಾದ ಅನ್ನಭೇದಿಯನ್ನೇ ಹಾಕಿ ಇಂಡಿಗೊ ನೀರು ತಯಾರಿಸುವ ಹಳೇ ಪದ್ಧತಿಯೂ ಇದೆ. ಪಾಚಿ ದುಪಟ್ಟಾಗಳನ್ನೇ ಅದರಲ್ಲಿ ಅದ್ದಿದೆವು. ಹೊರಗೆ ತೆಗೆದಾಗ ಹಸಿರುಹಳದಿ. ಗಾಳಿ ತಾಗುತ್ತಾ ಕಣ್ಣೆದುರೇ ಕಡುಹಸಿರಾಯಿತು, ಮಡಿಕೆಗಳಲ್ಲಿ ಮಾತ್ರ ಪಾಚಿ ಬಣ್ಣ ಉಳಿಯಿತು. ಐವರೂ ಮಾತು ನಿಲ್ಲಿಸಿ ನೋಡಿದ್ದು ಆ ಎರಡು ದಿನದಲ್ಲಿ ಅದೊಂದೇ ಸಲ.

ವಾಪಸ್ ಬರುವಾಗ ತಲೆಯಲ್ಲಿ ಒಂದೇ ಪ್ರಶ್ನೆ. ಒಂಬತ್ತು ವರ್ಷದಲ್ಲಿ ನೀರಿನ ಬಗ್ಗೆ ನಾನು ಯೋಚಿಸಿದ್ದು ಯಾವಾಗ? ಲ್ಯಾಬಿಗೆ ನಾನು ಕಾಲಿಡುವ ಹೊತ್ತಿಗೆ ರಿಜಿಸ್ಟರಿನಲ್ಲಿ ಆ ದಿನದ ಗಡಸುತನ, ಕಬ್ಬಿಣ ಎರಡೂ ಬರೆದಿರುತ್ತಿದ್ದವು. ನಾನು ಸಹಿ ಹಾಕುತ್ತಿದ್ದೆ. ಬರೆದಿಡುತ್ತಿದ್ದವರು ನಮ್ಮ ಲ್ಯಾಬ್ ಸಹಾಯಕರು, ನನಗಿಂತ ಎಷ್ಟೋ ಮೊದಲು ಸೇರಿದವರು. ಎಲ್ಲರೂ ಅಣ್ಣ ಅನ್ನುತ್ತೇವೆ. ನನ್ನ ಶೇಡ್ ಮೊದಲ ಸಲಕ್ಕೇ ಪಾಸಾದಾಗ ಮೀಟಿಂಗಿನಲ್ಲಿ ಹೆಸರು ಬರುತ್ತಿದ್ದದ್ದು ನನ್ನದು.

ಸೋಮವಾರ ಅವರಿಗೆ ದುಪಟ್ಟಾ ತೋರಿಸಿ ನಡೆದದ್ದು ಹೇಳಿದೆ. ಪೂರ್ತಿ ಕೇಳಲೂ ಇಲ್ಲ.

"ಅಲ್ಲಿ ಟೀ ಮಾಡಿದ್ರಾ ಮೇಡಂ? ಬಣ್ಣ ಹೆಂಗಿತ್ತು?"

ಹೇಳಿದೆ.

"ನಮ್ಮೂರಲ್ಲಿ ಹೊಸ ಬೋರ್ ಹೊಡ್ಸಿದ್ರೆ ಮೊದ್ಲು ಟೀ ಮಾಡಿ ನೋಡ್ತೀವಿ."

ಮಂಗಳವಾರದಿಂದ ಅರ್ಧ ಗಂಟೆ ಬೇಗ ಹೋಗುತ್ತಿದ್ದೇನೆ. ಗಡಸುತನದ ಟೆಸ್ಟಿನಲ್ಲಿ ಫ್ಲಾಸ್ಕಿನ ನೀರು ದ್ರಾಕ್ಷಿ ಕೆಂಪಿನಿಂದ ನೀಲಿಗೆ ತಿರುಗಿದ ಕ್ಷಣಕ್ಕೇ, ದ್ರಾವಣವನ್ನು ಹನಿಹನಿಯಾಗಿ ಬಿಡುವ ಬ್ಯೂರೆಟ್ ನಿಲ್ಲಿಸಬೇಕು. ಮೊದಲ ದಿನ ನಾಲ್ಕು ಹನಿ ಜಾಸ್ತಿ ಬಿಟ್ಟೆ. ಅಣ್ಣ ಏನೂ ಅನ್ನಲಿಲ್ಲ, ಇನ್ನೊಂದು ಫ್ಲಾಸ್ಕ್ ತೊಳೆದು ಮುಂದಿಟ್ಟರು.